ಷರಾ ಸೇರಿ ಒಂಬತ್ತು

ಮಳೆ ಹಿಡಿದ ಮೂರನೆಯ ದಿನ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ನನ್ನ ಮೇಜಿನ ಫೋನು ಬಡಿದುಕೊಂಡಿತು. ಆ ಫೋನಿನಲ್ಲಿ ಬರುವ ಮಾತೆಲ್ಲ ಹಿಂದಿ, ಇಲ್ಲವೇ ಇಂಗ್ಲಿಷು. ಅವತ್ತು ಕನ್ನಡ ಬಂತು.

"ಹಲೋ, ಮಿಲಿಟ್ರಿ ಆಫೀಸಾ? ತಾಲೂಕು ಕಚೇರಿಯಿಂದ ಶಿರಸ್ತೇದಾರ್ ಮಾತಾಡ್ತಿರೋದು. ಇಟ್ಟಮಡು ಕೆಳಗಡೆ ರಾಜಕಾಲುವೆ ಗೋಡೆ ಒಡೆದೋಗಿದೆ ಸಾರ್. ನೀರು ಮನೆಗಳ ಒಳಗೆ ನುಗ್ತಾ ಇದೆ. ಬೋಟ್ ಬೇಕಿತ್ತು. ಫೈರ್‌ನೋರ ಬೋಟೆಲ್ಲಾ ಬಿಟಿಎಂ ಲೇಔಟ್ ಕಡೆ ಹೋಗ್ಬಿಟ್ಟಿವೆ."

ಆಗ ನಾನು ಸೇನೆಯಲ್ಲಿ ಸುಬೇದಾರ್. ಹೆಸರು ಕೇಳಿ ಹುರಿಮೀಸೆಯನ್ನು ಕಲ್ಪಿಸಿಕೊಳ್ಳಬೇಡಿ, ನಾನು ಗುಮಾಸ್ತೆ ಸುಬೇದಾರ್, ಬಂದೂಕಿಗಿಂತ ಹೆಚ್ಚು ಸ್ಟೇಪ್ಲರ್ ಹಿಡಿದವನು. ಮನೆ ಕತ್ರಿಗುಪ್ಪೆಯಲ್ಲಿ, ಕೆಲಸ ಊರಿನ ಆಚೆ ಬದಿಯ ಸಬ್ ಏರಿಯಾ ಹೆಡ್‌ಕ್ವಾರ್ಟರ್ಸಿನಲ್ಲಿ. ಎಲ್ಲಿ ಕೆಲಸ ಎಂದು ಕೇಳಿದವರಿಗೆ ಇದನ್ನು ಹೇಳಿದರೆ, "ಅದು ಯಾವ ಏರಿಯಾ ಸಾರ್, ಜಯನಗರದ ಪಕ್ಕಾನಾ?" ಎನ್ನುತ್ತಿದ್ದರು.

ಸೇನೆಯಲ್ಲಿ ಏರಿಯಾ ಎಂದರೆ ಬಡಾವಣೆಯಲ್ಲ, ಒಂದು ಕಚೇರಿ. ದೇಶವನ್ನು ಕೆಲವು ದೊಡ್ಡ ಪಾಲುಗಳಾಗಿ ಮಾಡಿ, ಒಂದೊಂದು ಪಾಲನ್ನು ಒಂದೊಂದು ಕಮಾಂಡಿಗೆ ವಹಿಸಿರುತ್ತಾರೆ. ಕಮಾಂಡಿನ ಅರ್ಧ ಭಾಗ ಯುದ್ಧಕ್ಕೆ ಸಜ್ಜಾದ ಪಡೆಗಳು. ಅವು ಇವತ್ತು ಇಲ್ಲಿದ್ದರೆ ನಾಳೆ ಗಡಿಯಲ್ಲಿ. ಉಳಿದರ್ಧ ಜಾಗ ಬಿಟ್ಟು ಕದಲದ ಕಚೇರಿಗಳು. ಮೊದಲು ಏರಿಯಾ, ಅದರ ಕೆಳಗೆ ಸಬ್ ಏರಿಯಾ, ಅದಕ್ಕೂ ಕೆಳಗೆ ಸ್ಟೇಷನ್. ಸೇನೆಯ ಜಮೀನು, ಆಸ್ಪತ್ರೆ, ವಸತಿ, ನಿವೃತ್ತರ ಅಹವಾಲು ಎಲ್ಲವೂ ನಮ್ಮ ತಲೆಗೆ. ಊರಿಗೆ ನೆರೆ ಬಂದರೆ ಜಿಲ್ಲಾಡಳಿತದವರು ಬಂದು ತಟ್ಟುವುದೂ ನಮ್ಮ ಬಾಗಿಲನ್ನೇ. ಸಿನಿಮಾದವರು ನಮ್ಮನ್ನು ತೋರಿಸುವುದಿಲ್ಲ. ಫೈಲು ಕಟ್ಟುವುದನ್ನು ಯಾರು ಟಿಕೆಟ್ ಕೊಟ್ಟು ನೋಡುತ್ತಾರೆ?

ತಟ್ಟಿದ ತಕ್ಷಣ ನಾವು ಎದ್ದು ಹೊರಡುವಂತಿಲ್ಲ. ಊರಿನ ಆಡಳಿತ ಬರವಣಿಗೆಯಲ್ಲಿ ಕರೆಯಬೇಕು. ಎಲ್ಲಿಗೆ, ಏಕೆ, ಎಷ್ಟು ಜನ, ಎಷ್ಟು ಹೊತ್ತು ಎಂಬುದೆಲ್ಲ ಅದರಲ್ಲಿರಬೇಕು. ಕರೆಯದೆ ಬೀದಿಗಿಳಿಯುವ ಸೇನೆ ಯಾರಿಗೂ ಒಳ್ಳೆಯದಲ್ಲವಾದ್ದರಿಂದ ನನಗೆ ಆ ನಿಯಮದ ಮೇಲೆ ಗೌರವವಿದೆ. ಶಿರಸ್ತೇದಾರರಿಗೂ ಅದನ್ನೇ ಹೇಳಿ, ಪತ್ರದಲ್ಲಿ ಏನೇನು ಬರೆಯಬೇಕೆಂದು ಒಂದೊಂದಾಗಿ ಹೇಳಿ ಬರೆಸಿದೆ.

"ಜಾಗ ಬರೀರಿ. ಕಾರಣ ಬರೀರಿ. ಎಷ್ಟು ಕಾಲಂ ಅಂತ ಬರೀರಿ. ಎಷ್ಟು ಹೊತ್ತಿಗೆ ಅಂತ ಬರೀರಿ. ತಹಸೀಲ್ದಾರ್ ಮೇಡಂ ಸೈನ್ ಹಾಕಿಸಿ ಮೇಲ್ ಮಾಡಿ."

"ಆಯ್ತು ಸಾರ್, ಅಚ್ಚುಕಟ್ಟಾಗಿ ಮಾಡಿ ಕಳಿಸ್ತೀನಿ. ಮೂವತ್ನಾಲ್ಕು ವರ್ಷ ಸರ್ವೀಸು ನಂದು."

ನೆರೆ ಪರಿಹಾರಕ್ಕೆ ಹೊರಡುವ ತುಕಡಿಯನ್ನು ನಮ್ಮಲ್ಲಿ ಕಾಲಂ ಎನ್ನುತ್ತಾರೆ. ಅರವತ್ತು ಎಪ್ಪತ್ತು ಜವಾನರು, ಅವರ ಲಾರಿಗಳು, ಬೋಟು, ಹಗ್ಗ, ಒಬ್ಬ ಡಾಕ್ಟರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿದೆ ಎಂಬುದೇ ನನಗೆ ಮರೆತುಹೋಗಿತ್ತು.

ಎಂಟೂ ಐವತ್ತಕ್ಕೆ ಮೇಲ್ ಬಂತು. ಶಿರಸ್ತೇದಾರರು ಹೇಳಿದ ಮಾತಿಗೆ ತಪ್ಪದೆ ಅಚ್ಚುಕಟ್ಟಾಗಿ ಮಾಡಿದ್ದರು. ವಿಷಯ, ಉಲ್ಲೇಖ, ಕೆಳಗೆ ತಹಸೀಲ್ದಾರರ ಸಹಿ, ಸೀಲು. ಜೊತೆಗೆ ಗೆರೆ ಎಳೆದ ಒಂದು ತಖ್ತೆ ಲಗತ್ತಿಸಿದ್ದರು. ಅದರಲ್ಲಿ ಕ್ರಮ ಸಂಖ್ಯೆ, ಬೀದಿ, ಕಟ್ಟಡ, ಅಂತಸ್ತು, ಜನ ಎಂದು ಒಂದರ ಪಕ್ಕ ಒಂದು. ತಖ್ತೆಯಲ್ಲಿದ್ದದ್ದು ಒಂದೇ ಸಾಲು: ಕಾಲುವೆಗೆ ಬೆನ್ನು ಹಾಕಿ ನಿಂತ ಎರಡಂತಸ್ತಿನ ಕಟ್ಟಡ, ಕಣ್ಣು ಕಾಣದ ಹೆಣ್ಣುಮಕ್ಕಳ ವಸತಿಗೃಹ, ಇಪ್ಪತ್ತಾರು ಮಕ್ಕಳು, ಮೂವರು ಸಿಬ್ಬಂದಿ, ನೆಲಮಹಡಿಯಲ್ಲಿ ಎದೆಮಟ್ಟ ನೀರು, ಎಲ್ಲರೂ ಮೇಲಿದ್ದಾರೆ. ಬೀದಿಯ ಉಳಿದ ಮನೆಗಳವರು ತಾವೇ ಹೊರಬಂದಿದ್ದರು.

ಪತ್ರದ ಮೂರನೆಯ ಅಂಶ ಹೀಗಿತ್ತು: "ಕಾಲಂ: 9 (ಷರಾ ಸೇರಿ)".

ಕಚೇರಿಯಲ್ಲಿ ಕನ್ನಡ ಓದಲು ಬರುವವನು ನಾನೊಬ್ಬನೇ. ಪತ್ರವನ್ನು ಇಂಗ್ಲಿಷಿಗೆ ತಿರುಗಿಸಿದೆ. ಮೂರನೆಯ ಅಂಶಕ್ಕೆ ಬಂದಾಗ "ಬೇಕಾದ ಕಾಲಂ ಒಂಬತ್ತು, ಷರಾ (ಟಿಪ್ಪಣಿ) ಜೊತೆಗಿದೆ" ಎಂಬರ್ಥ ಬರುವಂತೆ ಬರೆದೆ. ಒಂಬತ್ತು ಜಾಸ್ತಿಯಾಯಿತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಮಳೆ ಎಲ್ಲ ಕಡೆಯೂ ಇದೆ, ಊರಿನ ದಕ್ಷಿಣಕ್ಕೆಲ್ಲ ಒಟ್ಟಿಗೆ ಕೇಳಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ. ಪತ್ರದಲ್ಲಿ ಒಂದೇ ಬೀದಿಯ ಹೆಸರಿತ್ತು. ಅದು ನನ್ನ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಒಂಬತ್ತೂ ಹತ್ತಕ್ಕೆ ಕಾಗದ ಕರ್ನಲ್ ಸಾಹೇಬರ ಮೇಜು ಸೇರಿತು.

ಒಂದು ಕಾಲಂ ಕೇಳಿದ್ದರೆ ಅಷ್ಟು ಹೊತ್ತಿಗೆ ಲಾರಿಗಳು ಗೇಟು ದಾಟುತ್ತಿದ್ದವು. ಮಳೆ ಜೋರಾದಾಗಿನಿಂದ ಇಂಜಿನಿಯರ್ ತುಕಡಿಯೊಂದು ಬೋಟು ಕಟ್ಟಿಕೊಂಡು ಕಾಯುತ್ತಲೇ ಇತ್ತು. ಕೇಳಿದ್ದು ಒಂಬತ್ತು. ಅಂದರೆ ಆರುನೂರು ಜನ. ಸಬ್ ಏರಿಯಾದ ಕೈಲಿ ಅಷ್ಟಿಲ್ಲ, ಏರಿಯಾದ ಕೈಲೂ ಇಲ್ಲ. ಹಾಗಾಗಿ ಕಾಗದ ಬೇರೆ ಊರಿನಲ್ಲಿರುವ ಕಮಾಂಡಿನವರೆಗೂ ಏರಿತು. ಆರುನೂರು ಜನ ಕೇಳುವಷ್ಟು ದೊಡ್ಡ ಅನಾಹುತವಾಗಿದ್ದರೆ ರಾಜ್ಯ ಸರ್ಕಾರವೇ ಕೇಳಬೇಕಲ್ಲ ಎಂದು ಕಮಾಂಡಿನವರು ಸಂಬಂಧಪಟ್ಟ ಇಲಾಖೆಗೆ ಫೋನು ಮಾಡಿದರು. ಇಲಾಖೆಯವರು ನಮಗೇನೂ ಗೊತ್ತಿಲ್ಲ, ವಿಚಾರಿಸಿ ತಿಳಿಸುತ್ತೇವೆ ಎಂದರು. ಕಮಾಂಡಿನಿಂದ ಲಿಖಿತ ಆದೇಶ ಬಂತು: ಸ್ಪಷ್ಟೀಕರಣ ಬರುವವರೆಗೆ ಸಿದ್ಧವಿರುವ ತುಕಡಿಯನ್ನೂ ಕಳಿಸಬೇಡಿ, ಎಲ್ಲಿ ಹೆಚ್ಚು ಬೇಕಾಗುತ್ತದೋ ಗೊತ್ತಿಲ್ಲ.

ಇದರಲ್ಲಿ ಯಾರದ್ದೂ ತಪ್ಪಿಲ್ಲ ಎಂಬುದನ್ನು ಗಮನಿಸಬೇಕು. ಅವರ ಜಾಗದಲ್ಲಿದ್ದಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ಯಂತ್ರ ಸರಿಯಾಗಿಯೇ ತಿರುಗುತ್ತಿತ್ತು. ಅದರ ಬಾಯಿಗೆ ತಪ್ಪು ಅಂಕಿ ಹಾಕಿದವನು ನಾನು.

ಒಂಬತ್ತೂ ನಲವತ್ತಕ್ಕೆ ವಸತಿಗೃಹದ ವಾರ್ಡನ್ ಫೋನು ಮಾಡಿದರು. ನಂಬರ್ ಕೊಟ್ಟವರು ಶಿರಸ್ತೇದಾರರು. ಅವರ ಮಾತಿನ ಹಿಂದೆ ಮಕ್ಕಳ ಗದ್ದಲವೇನೂ ಕೇಳುತ್ತಿರಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು.

"ಸಾರ್, ಹಿಂದ್ಗಡೆ ಗೋಡೇಲಿ ಬಿರುಕು ಬಿಟ್ಟಿದೆ. ಬೆಳಿಗ್ಗೆ ಇರ್ಲಿಲ್ಲ. ಕೆಳಗಡೆ ಮಣ್ಣು ಕೊಚ್ಕೊಂಡು ಹೋಗ್ತಿದೆ ಅನ್ಸುತ್ತೆ. ಹೊರಟ್ರಾ ನಿಮ್ಮೋರು?"

"ಬರ್ತಿದಾರೆ ಮೇಡಂ," ಎಂದೆ.

ಬರುತ್ತಿರಲಿಲ್ಲ. ಕಚೇರಿಯಲ್ಲಿ ಕೂತವರ ಬಾಯಿಗೆ ಆ ಮಾತು ತಾನಾಗಿ ಬಂದುಬಿಡುತ್ತದೆ. ಫೋನಿಟ್ಟು ಎದ್ದೆ. ಕರ್ನಲ್ ಸಾಹೇಬರಿಗೆ ಬಿರುಕಿನ ವಿಷಯ ತಿಳಿಸಿದೆ. ಅವರು ಏರಿಯಾಕ್ಕೆ ಫೋನು ಹಚ್ಚಿದರು, ಏರಿಯಾದವರು ಕಮಾಂಡಿಗೆ ಹಚ್ಚಿದರು. ಇಲಾಖೆ ಇನ್ನೂ ವಿಚಾರಿಸುತ್ತಲೇ ಇತ್ತು. ನಾನು ತಹಸೀಲ್ದಾರರ ಮೊಬೈಲಿಗೆ ನಾಲ್ಕು ಸಲ ಪ್ರಯತ್ನಿಸಿದೆ. ಅವರು ಪತ್ರಕ್ಕೆ ಸಹಿ ಹಾಕಿದಾಗಿನಿಂದ ನೀರಿನಲ್ಲೇ ಓಡಾಡುತ್ತಿದ್ದರಂತೆ, ಫೋನು ಸತ್ತಿತ್ತು.

ಹತ್ತೂ ಇಪ್ಪತ್ತಕ್ಕೆ ಮತ್ತೆ ಶಿರಸ್ತೇದಾರರ ಫೋನು. ಈ ಸಲ ಹಲೋ ಕೂಡ ಇಲ್ಲ.

"ಏನ್ರೀ ನಿಮ್ಮ ಮಿಲಿಟ್ರಿ? ಎರಡು ಗಂಟೆ ಆಯ್ತು! ಮಕ್ಕಳು ಮೇಲೆ ಸಿಕ್ಕಾಕೊಂಡಿದಾವೆ, ಗೋಡೆ ವಾಲ್ತಾ ಇದೆ, ನೀವು ಕಾಗದ ಇಟ್ಕೊಂಡು ಏನ್ ಪೂಜೆ ಮಾಡ್ತಿದೀರಾ? ನೀವು ಹೇಳ್ದಂಗೇ ಮಾಡಿದೀನಿ. ಒಂಬತ್ತು ಕಾಲಮ್ಮೂ ತುಂಬಿಸಿದೀನಿ. ಕೊನೇದು, ಷರಾ ಕಾಲಂ ಒಂದು ಖಾಲಿ ಬಿಟ್ಟೆ, ಬರೆಯೋಕೇನೂ ಇರ್ಲಿಲ್ಲ ಅಂತ. ಅದಕ್ಕೇ ತಡೆ ಹಿಡಿದಿದೀರಾ? ಹೇಳಿ, ಈಗ್ಲೇ ಏನಾದ್ರೂ ಬರೆದು ಕಳಿಸ್ತೀನಿ!"

ನಾನು ತಖ್ತೆಯನ್ನು ಎದುರಿಗೆಳೆದುಕೊಂಡು ಬೆರಳಿಟ್ಟು ಎಣಿಸಿದೆ. ಕ್ರಮ ಸಂಖ್ಯೆ ಒಂದು, ಬೀದಿ ಎರಡು, ಕಟ್ಟಡ ಮೂರು. ಹೀಗೆ ಎಂಟಾಯಿತು. ಒಂಬತ್ತನೆಯದು ಷರಾ, ಖಾಲಿ.

ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ಸವೆದವರಿಗೆ ಕಾಲಂ ಎಂದರೆ ಕಾಗದದ ಮೇಲಿನ ಅಂಕಣ. ಎಷ್ಟು ಕಾಲಂ ಎಂದು ಕೇಳಿದರೆ ಅವರು ಅಂಕಣ ಎಣಿಸಿ ಹೇಳುತ್ತಾರೆ, ಷರಾ ಅಂಕಣವನ್ನು ಸೇರಿಸಿದೆಯೋ ಇಲ್ಲವೋ ಎಂಬುದನ್ನೂ ನಿಯತ್ತಾಗಿ ತಿಳಿಸುತ್ತಾರೆ. ಅವರು ಬರೆದದ್ದು ಸರಿಯಾಗಿಯೇ ಇತ್ತು. ಕನ್ನಡದವನಾಗಿ ಹುಟ್ಟಿ, ಶಾಲೆಯಲ್ಲಿ ಅದೇ ಕಾಲಮ್ಮುಗಳಿಗೆ ಗೆರೆ ಎಳೆದು ಬೆಳೆದ ನನಗೆ ಅದು ಹೊಳೆಯಲಿಲ್ಲ.

"ಸಾರ್," ಎಂದೆ, "ನಿಮಗೆ ಎಷ್ಟು ಜನ ಸೈನಿಕರು ಬೇಕು?"

"ನನ್ನ ಕೇಳಿದ್ರೆ? ಎರಡು ಬೋಟು, ಒಂದಿಪ್ಪತ್ತು ಜನ ಗಟ್ಟಿಗರು ಬಂದ್ರೆ ಸಾಕಪ್ಪಾ!"

ಕರ್ನಲ್ ಸಾಹೇಬರ ಕೋಣೆಗೆ ಹದಿನಾಲ್ಕು ಹೆಜ್ಜೆ. ಅಷ್ಟು ದೂರದಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮೂಲ ಕಾಗದದಲ್ಲಿ ಒಂಬತ್ತು ಎಂದು ಬರೆದದ್ದು ಶಿರಸ್ತೇದಾರರು. ತಾಲೂಕು ಕಚೇರಿಯವರು ತಪ್ಪಾಗಿ ಬರೆದಿದ್ದಾರೆ, ಹೊಸ ಪತ್ರ ತರಿಸುತ್ತೇನೆ ಎಂದರೆ ಯಾರೂ ನನ್ನನ್ನು ಪ್ರಶ್ನಿಸುವವರಿರಲಿಲ್ಲ. ಕಚೇರಿಯಲ್ಲಿ ಕನ್ನಡ ಬರುವವರೇ ಇಲ್ಲವಲ್ಲ. ಸುಬೇದಾರ್ ಮೇಜರ್ ಬಡ್ತಿಯ ಪಟ್ಟಿ ಆ ತಿಂಗಳಲ್ಲೇ ಹೊರಡುವುದಿತ್ತು, ನನ್ನ ಸರದಿಯೂ ಬಂದಿತ್ತು. ಆದರೆ ಹೊಸ ಪತ್ರವೆಂದರೆ ತಹಸೀಲ್ದಾರರ ಹೊಸ ಸಹಿ ಬೇಕು. ಅವರನ್ನು ನೀರಿನಲ್ಲಿ ಹುಡುಕಬೇಕು. ಅಷ್ಟು ಹೊತ್ತು ಆ ಗೋಡೆಯ ಬಳಿ ಇತ್ತೋ ಇಲ್ಲವೋ ನನಗೆ ತಿಳಿದಿರಲಿಲ್ಲ. ತಪ್ಪು ಅನುವಾದದ್ದು ಎಂದು ಒಪ್ಪಿಕೊಂಡರೆ ಮಾತ್ರ ಹಳೆಯ ಪತ್ರವೇ ನಡೆಯುತ್ತಿತ್ತು.

ಒಳಗೆ ಹೋಗಿ ಸೆಲ್ಯೂಟ್ ಹೊಡೆದು ಹೇಳಿದೆ. ತಪ್ಪು ನನ್ನದು, ಅವರು ಕಾಲಂ ಎಂದದ್ದು ತಖ್ತೆಯ ಅಂಕಣಗಳಿಗೆ, ಒಂದು ತುಕಡಿ ಸಾಕು ಎಂದು. ಕರ್ನಲ್ ಸಾಹೇಬರು ಉತ್ತರದ ಕಡೆಯವರು, ಮಾತು ಕಡಿಮೆ. ತಖ್ತೆಯನ್ನು ತೋರಿಸು ಎಂದರು. ತೋರಿಸಿದೆ. ಓದಲು ಬಾರದಿದ್ದರೂ ಅವರೂ ಬೆರಳಿಟ್ಟು ಅಂಕಣಗಳನ್ನು ಎಣಿಸಿದರು. ಒಂಬತ್ತೇ ಎಂದು ಖಾತ್ರಿಯಾದ ಮೇಲೆ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. ಇದನ್ನು ಬರೆದುಕೊಡುತ್ತೀಯಾ?

ಅನುವಾದದ ಅಂಚಿನಲ್ಲೇ ಬರೆದೆ. ಮೂರನೆಯ ಅಂಶವನ್ನು ನಾನು ತಪ್ಪಾಗಿ ಅನುವಾದಿಸಿದ್ದೇನೆ, ಬೇಕಾದದ್ದು ಒಂದು ತುಕಡಿ. ಕೆಳಗೆ ಹೆಸರು, ನಂಬರು, ಸಹಿ, ಸಮಯ ಹತ್ತೂ ಮೂವತ್ತೆರಡು.

ಜೀವ ಉಳಿಸುವ ಸಂದರ್ಭ ಬಂದಾಗ, ಊರಿನ ಆಡಳಿತ ಕರೆದಿದ್ದರೆ, ಸ್ಥಳೀಯ ಅಧಿಕಾರಿ ಮೇಲಿನವರ ಒಪ್ಪಿಗೆಗೆ ಕಾಯದೆ ನೆರವು ಕಳಿಸಿ ಆಮೇಲೆ ತಿಳಿಸಬಹುದು. ಅದಕ್ಕೂ ನಿಯಮವಿದೆ. ಆದರೆ ಕಳಿಸಬೇಡಿ ಎಂಬ ಲಿಖಿತ ಆದೇಶ ಮೇಜಿನ ಮೇಲಿರುವಾಗ ಆ ನಿಯಮವನ್ನು ಬಳಸಲು ಎದೆಗಾರಿಕೆ ಬೇಕು. ಕರ್ನಲ್ ಸಾಹೇಬರು ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿ, ತುಕಡಿಗೆ ಹೊರಡಲು ಹೇಳಿದರು. ಆಮೇಲೆ ಕಮಾಂಡಿಗೆ ಫೋನು ಮಾಡಿದರು. ನಾನು ಬಾಗಿಲು ದಾಟುತ್ತಿದ್ದಾಗ ಹಿಂದಿನಿಂದ, ನೀನೂ ಹೋಗು, ಅಲ್ಲಿ ಕನ್ನಡ ಬೇಕಾಗುತ್ತದೆ ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹತ್ತೂ ಮುಕ್ಕಾಲಿಗೆ ಹೊರಟೆವು. ಮುಂದೆ ಪೊಲೀಸ್ ಜೀಪು ಸೈರನ್ ಹೊಡೆಯುತ್ತಾ ದಾರಿ ಬಿಡಿಸಿತು, ನಲವತ್ತು ನಿಮಿಷಕ್ಕೆ ಇಟ್ಟಮಡು. ಬೀದಿಯ ಬಾಯಲ್ಲಿ ಪ್ಯಾಂಟನ್ನು ಮಂಡಿಗೆ ಮಡಿಚಿ, ಫೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡ ಒಬ್ಬರು ನಿಂತಿದ್ದರು. ಅವರೇ ಶಿರಸ್ತೇದಾರರೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಅಲ್ಲಿ, ನೀಲಿ ಬಣ್ಣದ್ದು," ಎಂದಷ್ಟೇ ಹೇಳಿ ಕೈ ತೋರಿಸಿದರು.

ಬೀದಿಯಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಸುತ್ತುತ್ತಿತ್ತು. ಸ್ಕೂಟರುಗಳ ಕನ್ನಡಿಗಳು ಮಾತ್ರ ಕಾಣುತ್ತಿದ್ದವು. ಕಸ ಸಿಕ್ಕಿಕೊಳ್ಳುತ್ತದೆಂದು ಬೋಟಿನ ಇಂಜಿನ್ ಹಚ್ಚಲಿಲ್ಲ. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಅದನ್ನು ಹಿಡಿದು ಬೋಟುಗಳನ್ನು ಎಳೆದುಕೊಂಡು ಹೋದೆವು. ಹಿಂದಿನ ಗೋಡೆಯನ್ನು ನೋಡಿಬಂದ ತುಕಡಿಯ ಕ್ಯಾಪ್ಟನ್ ಬಿರುಕಿನೊಳಗೆ ಕೈ ಹೋಗುತ್ತದೆ ಎಂದರು.

ಮೇಲೆ ಹೋದರೆ ಮಕ್ಕಳು ಒಬ್ಬರ ಭುಜದ ಮೇಲೊಬ್ಬರು ಕೈಯಿಟ್ಟು ಸಾಲಾಗಿ ನಿಂತಿದ್ದರು. ಜವಾನರು ಆತುರದಲ್ಲಿ "ಆವೋ ಬೇಟಾ" ಎನ್ನುತ್ತಾ ಮೊದಲನೆಯವಳ ಕೈ ಹಿಡಿದರು. ಅವಳು ಕಿರುಚಿ ಕಿಟಕಿಯ ಕಂಬಿ ಹಿಡಿದುಕೊಂಡಳು. ಸಾಲೆಲ್ಲ ಹಿಂದಕ್ಕೆ, ಆ ಗೋಡೆಯ ಕಡೆಗೇ, ಸರಿಯಿತು. ಗೊತ್ತಿಲ್ಲದ ಗಂಡುದನಿಗಳು, ಗೊತ್ತಿಲ್ಲದ ಭಾಷೆ, ಒದ್ದೆ ಕೈಗಳು. ಯಾರಾದರೂ ಹೆದರುತ್ತಾರೆ.

ವಾರ್ಡನ್ ನನ್ನ ಕಡೆ ತಿರುಗಿದರು. "ಸಾರ್, ಎಳೀಬೇಡಿ ಅನ್ನಿ ಅವರಿಗೆ. ಮೊಣಕೈ ಮುಂದೆ ಮಾಡೋಕೆ ಹೇಳಿ. ಇವರೇ ಹಿಡ್ಕೊಳ್ತಾರೆ. ಮೆಟ್ಟಿಲು ಇವರಿಗೆ ಗೊತ್ತು. ಎಲ್ಲಿಂದ ನೀರು ಶುರು ಅಂತ ಹೇಳಿದ್ರೆ ಸಾಕು."

ನಾನು ಹಿಂದಿಯಲ್ಲಿ ಅದನ್ನೇ ಹೇಳಿದೆ. ಈ ಅನುವಾದವನ್ನು ಎರಡು ಸಲ ಮಾಡಿದೆ, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಜವಾನರು ಮೊಣಕೈ ಚಾಚಿ ನಿಂತರು. ನಾನು ಮೆಟ್ಟಿಲ ಬಳಿ ನಿಂತು ಕೂಗತೊಡಗಿದೆ: "ಹನ್ನೊಂದು ಮೆಟ್ಲು, ಪುಟ್ಟಾ. ಎಂಟನೇದರಿಂದ ನೀರು. ತಣ್ಣಗಿರುತ್ತೆ, ಹೆದರ್ಬೇಡಿ." ಒಂದು ಪುಟ್ಟ ಕೈ ಬಂದು ಒಂದು ಮೊಣಕೈಯನ್ನು ಹಿಡಿಯಿತು. ಆಮೇಲೆ ಇನ್ನೊಂದು. ಬೋಟಿಗೆ ಏಳೆಂಟು ಜನ. ಪ್ರತಿ ಬೋಟಿನಲ್ಲೂ ಕೂತ ಮೇಲೆ ಮಕ್ಕಳೇ ತಮ್ಮ ತಮ್ಮ ಸಂಖ್ಯೆಯನ್ನು ಕೂಗಿ ಒಪ್ಪಿಸುತ್ತಿದ್ದರು. ಹನ್ನೆರಡೂ ಇಪ್ಪತ್ತಕ್ಕೆ ಇಪ್ಪತ್ತಾರನೆಯ ದನಿ ಕೇಳಿಸಿತು. ವಾರ್ಡನ್ ಕೊನೆಯವರಾಗಿ ಹತ್ತಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

ಮಕ್ಕಳನ್ನು ಪದ್ಮನಾಭನಗರದ ಒಂದು ಕಲ್ಯಾಣ ಮಂಟಪಕ್ಕೆ ಕರೆದೊಯ್ದೆವು. ಅಕ್ಕಪಕ್ಕದ ಮನೆಗಳವರು ಟವೆಲು, ಒಣ ಬಟ್ಟೆ ತಂದರು. ಯಾರೋ ಪಾತ್ರೆ ತುಂಬ ಬಿಸಿಬೇಳೆಬಾತ್ ತಂದರು. ಶಿರಸ್ತೇದಾರರು ಸೌಟು ಹಿಡಿದು ಬಡಿಸಲು ನಿಂತರು. ನಾನು ತಟ್ಟೆಗಳನ್ನು ಮಕ್ಕಳ ಕೈಗೆ ಮುಟ್ಟಿಸುತ್ತಿದ್ದೆ.

"ಬೆಳಿಗ್ಗೆ ಬಾಯಿಗೆ ಬಂದಂಗೆ ಕೂಗಾಡ್ಬಿಟ್ಟೆ ಸಾರ್," ಎಂದರು ಶಿರಸ್ತೇದಾರರು. "ತಪ್ಪು ತಿಳ್ಕೋಬೇಡಿ. ಬಿ.ಪಿ. ಇದೆ ನಂಗೆ."

ಕಾಲಮ್ಮಿನ ಕಥೆಯನ್ನು ಅವರಿಗೆ ಹೇಳಿದೆ. ಸೌಟು ಪಾತ್ರೆಯಲ್ಲೇ ನಿಂತಿತು. ಅವರು ಏನೋ ಹೇಳುವಷ್ಟರಲ್ಲಿ ಕ್ಯಾಪ್ಟನ್ ವೈರ್‌ಲೆಸ್ ಸೆಟ್ ಹಿಡಿದು ಬಂದರು. ಬೀದಿಯಲ್ಲಿ ಕಾವಲಿದ್ದವರಿಂದ ಸುದ್ದಿ: ಸರಿಯಾಗಿ ಒಂದು ಗಂಟೆಗೆ ಹಿಂದಿನ ಗೋಡೆ ಕುಸಿದಿದೆ. ಮೇಲಿನ ಮಹಡಿಯ ಕೋಣೆ, ಮಕ್ಕಳು ಬೆಳಿಗ್ಗೆಯೆಲ್ಲ ಇದ್ದ ಕೋಣೆ, ಅದರ ಜೊತೆಗೇ ಕಾಲುವೆಗೆ ಹೋಗಿದೆ.

ಲೆಕ್ಕ ಹಾಕುವುದು ನನ್ನ ಕಸುಬು, ಬೇಡವೆಂದರೂ ತಲೆ ಹಾಕುತ್ತದೆ. ನನ್ನಿಂದ ಹಾಳಾದದ್ದು ಎಂಬತ್ತೆರಡು ನಿಮಿಷ. ಕೈಯಲ್ಲಿ ಉಳಿದಿದ್ದದ್ದು ನಲವತ್ತು. ಶಿರಸ್ತೇದಾರರು ಸ್ವಲ್ಪ ತಾಳ್ಮೆಯ ಮನುಷ್ಯರಾಗಿದ್ದು, ಹತ್ತೂ ಇಪ್ಪತ್ತರ ಬದಲು ಹನ್ನೊಂದು ಗಂಟೆಗೆ ನನ್ನ ಮೇಲೆ ಕೂಗಾಡಿದ್ದರೆ? ಅಲ್ಲೇ ಜಮಖಾನದ ಮೇಲೆ ಕೂತುಬಿಟ್ಟೆ.

ಪಕ್ಕದಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಊಟ ಮಾಡುತ್ತಿದ್ದಳು. ಮೆಟ್ಟಿಲ ಬಳಿ ಕೂಗುತ್ತಿದ್ದ ನನ್ನ ದನಿಯನ್ನು ಗುರುತು ಹಿಡಿದಿದ್ದಳು.

"ಎಂಟನೇ ಮೆಟ್ಲು ಅಂಕಲ್ ಅಲ್ವಾ ನೀವು?"

"ಹೌದು ಪುಟ್ಟಾ."

"ಬೆಳಿಗ್ಗೆಯಿಂದ ಗೋಡೆ ಟಕ್ ಟಕ್ ಅಂತಿತ್ತು ಅಂಕಲ್. ಮೊದ್ಲು ಒಂದೊಂದೇ. ಆಮೇಲೆ ಬೇಗ ಬೇಗ. ನಾನು ಎಣಿಸ್ತಾ ಇದ್ದೆ. ಬರ್ತಿದಾರೆ, ಬರ್ತಿದಾರೆ ಅಂತಿದ್ರು ಮೇಡಂ." ಅವಳು ತುತ್ತನ್ನು ಬಾಯಿಗಿಟ್ಟು, ನುಂಗಿ, ಕೇಳಿದಳು. "ಯಾಕಂಕಲ್ ಅಷ್ಟು ಲೇಟಾಯ್ತು?"

ಕರ್ನಲ್ ಎದುರು ಅಟೆನ್ಶನ್ನಿನಲ್ಲಿ ನಿಂತು ಹೇಳಿದ್ದೆ, ಸಮಯ ಹಾಕಿ ಸಹಿ ಮಾಡಿ ಬರೆದುಕೊಟ್ಟಿದ್ದೆ, ಎರಡು ನಿಮಿಷದ ಹಿಂದೆ ಶಿರಸ್ತೇದಾರರಿಗೂ ಹೇಳಿದ್ದೆ. ಅದೇ ಮಾತನ್ನು ಇವಳಿಗೆ ಹೇಳಲಿಲ್ಲ.

"ಟ್ರಾಫಿಕ್ಕು ಪುಟ್ಟಾ," ಎಂದೆ.

ಶಿರಸ್ತೇದಾರರು ನನ್ನನ್ನು ನೋಡಿ ಮತ್ತೆ ಸೌಟು ಎತ್ತಿಕೊಂಡರು. ಹುಡುಗಿ ತನಗೆ ಅದೆಲ್ಲ ಚೆನ್ನಾಗಿ ಗೊತ್ತು ಎಂಬಂತೆ ತಲೆಯಾಡಿಸಿದಳು. ಎಡಗೈಯಿಂದ ತಡವಿ ನನ್ನ ಮೊಣಕೈಯನ್ನು ಹುಡುಕಿ ಹಿಡಿದುಕೊಂಡಳು.

"ಅದಕ್ಕೆ ನೀವೇನ್ಮಾಡ್ತೀರಾ ಬಿಡಿ ಅಂಕಲ್," ಎಂದಳು. "ಅದ್ರಲ್ಲಿ ನಿಮ್ಮ ತಪ್ಪೇನಿದೆ."